ಸೋಡಿಯಂ ಮೆಟಾಸಿಲಿಕೇಟ್

ನೀರಿನಲ್ಲಿ ಕರಗುವ, ಬಿಳಿ ಬಣ್ಣದ ಪ್ರಬಲ ಕ್ಷಾರೀಯ ಲವಣ. ಸಿಲಿಕಾ ಮರಳನ್ನು ಸೋಡಿಯಂ ಕಾರ್ಬೊನೇಟ್ ಜೊತೆ ಹೆಚ್ಚಿನ ಉಷ್ಣತೆಯಲ್ಲಿ ಕರಗಿಸಿ ತಯಾರಿಸುತ್ತಾರೆ. ನಿರ್ಜಲ ರೂಪದ ದ್ರವನಬಿಂದು ಸುಮಾರು 1,088 ಡಿಗ್ರಿ ಸೆಲ್ಸಿಯಸ್. ಐದು ನೀರಿನ ಅಣುಗಳುಳ್ಳ ಪೆಂಟಾಹೈಡ್ರೇಟ್ ಸುಮಾರು 72 ಡಿಗ್ರಿಗೇ ಕರಗುತ್ತದೆ. ಪಾತ್ರೆ ತೊಳೆಯುವ ಯಂತ್ರದ ಪುಡಿ, ಲೋಹ ಶುಚಿಕಾರಕಗಳಲ್ಲಿ ಬಳಕೆ.

ಜಿಡ್ಡು ಬಿಡಿಸುವ ಗುಣವೇ ಇದರ ಅಪಾಯವೂ ಹೌದು. ಶೇ. 1ರ ದ್ರಾವಣದ ಪಿಎಚ್ 12ನ್ನು ಮೀರುತ್ತದೆ. ಚರ್ಮ ಸುಡುತ್ತದೆ, ಕಣ್ಣಿಗೆ ಶಾಶ್ವತ ಹಾನಿಯಾಗಬಹುದು. ದೂಳು ಶ್ವಾಸನಾಳವನ್ನು ಕೆರಳಿಸುತ್ತದೆ. ನೋಡಲು ಮಾತ್ರ ಸಾಧಾರಣ ಸೋಪಿನ ಪುಡಿ! ದ್ರಾವಣವು ಅಲ್ಯುಮಿನಿಯಂ, ಸತುವಿನೊಡನೆ ವರ್ತಿಸಿ ದಹನಶೀಲ ಹೈಡ್ರೋಜನ್ ಬಿಡುತ್ತದೆ. ಆಮ್ಲ ಬೆರೆತರೆ ಶಾಖ ಹೊಮ್ಮುತ್ತದೆ. ಕಣ್ಣಿಗೆ ಬಿದ್ದರೆ ಕನಿಷ್ಠ 15 ನಿಮಿಷ ನೀರಿನಲ್ಲಿ ತೊಳೆದು ವೈದ್ಯರನ್ನು ಕಾಣಬೇಕು. ನುಂಗಿದವರಿಗೆ ವಾಂತಿ ಮಾಡಿಸಕೂಡದು.