ರಸಬಾಳೆ ಕಲಿಸುವ ಪಾಠ

ಪ್ರೌಢಶಾಲೆಯ ಜೀವಶಾಸ್ತ್ರ ಪ್ರಯೋಗವೆಂದರೆ ಹಲವರಿಗೆ ಫಾರ್ಮಲಿನ್ ಬಾಟಲಿಯ ಕಪ್ಪೆಯೇ ನೆನಪಾಗುತ್ತದೆ. ನಂಜನಗೂಡು, ತಿ. ನರಸೀಪುರದ ಮಕ್ಕಳಿಗೆ ಅದಕ್ಕಿಂತ ಒಳ್ಳೆಯ ಸಾಮಗ್ರಿ ಹೊಲದಲ್ಲೇ ಇದೆ ಎಂದು ನನ್ನ ಅನಿಸಿಕೆ. ಬಾಳೆಕಾಯಿಯ ಹೋಳಿಗೆ ಅಯೋಡಿನ್ ಹಾಕಿದರೆ ಕಡುನೀಲಿ. ಕಳಿತ ಹಣ್ಣಿನಲ್ಲಿ ಆ ಬಣ್ಣ ತೆಳುವಾಗುತ್ತದೆ. ಪಿಷ್ಟ ಸಕ್ಕರೆಯಾದುದು ಕಣ್ಣಿಗೇ ಕಾಣುತ್ತದೆ.

ಇನ್ನೂ ದೊಡ್ಡ ಪಾಠ ನಂಜನಗೂಡು ರಸಬಾಳೆಯ ಚರಿತ್ರೆಯಲ್ಲಿದೆ. ಅದನ್ನು ಬೀಜದಿಂದಲ್ಲ, ಕಂದಿನಿಂದ ಬೆಳೆಸುತ್ತಾರೆ. ತಾಯಿಗೂ ಕಂದಿಗೂ ವಂಶವಾಹಿ ಒಂದೇ ಆದ್ದರಿಂದ ರುಚಿ ಬದಲಾಗುವುದಿಲ್ಲ. ರೋಗಕ್ಕೆ ಸೋಲುವ ಗುಣವೂ ಬದಲಾಗುವುದಿಲ್ಲ. ಪನಾಮಾ ಸೊರಗು ರೋಗ ತಗುಲಿದಾಗ ಒಂದು ಗಿಡಕ್ಕಾದದ್ದು ತೋಟಕ್ಕೇ ಆಯಿತು. ಮಧ್ಯ ಅಮೆರಿಕದ ಗ್ರೋ ಮಿಶೆಲ್ ಬಾಳೆಯನ್ನು 1960ರ ದಶಕದ ಹೊತ್ತಿಗೆ ರಫ್ತು ಮಾರುಕಟ್ಟೆಯಿಂದ ಅಳಿಸಿದ್ದೂ ಇದೇ ರೋಗ.

ರಸಬಾಳೆಗೆ ಭೌಗೋಳಿಕ ಸೂಚಕ ಮಾನ್ಯತೆ ಬಂದಿದೆ. ಆದರೆ ಶಿಲೀಂಧ್ರ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತದೆ. ಸೊರಗಿದ ಬಾಳೆಯ ಬುಡ ಕೊಯ್ದರೆ ಕೆಂಗಂದು ಎಳೆಗಳು ಕಾಣುತ್ತವೆ. ನೀರು ಸಾಗುವ ದಾರಿಯನ್ನೇ ರೋಗ ಮುಚ್ಚಿರುತ್ತದೆ. ಪಠ್ಯದ ಕಾಯಜ ಸಂತಾನೋತ್ಪತ್ತಿಯ ಲಾಭವನ್ನೂ ಅಪಾಯವನ್ನೂ ಒಟ್ಟಿಗೆ ತೋರುವ ಇಂಥ ಪ್ರಯೋಗ ಬೇರೆಲ್ಲಿ ಸಿಗುತ್ತದೆ? ಉಳಿದಿರುವ ರಸಬಾಳೆ ತೋಟಗಳನ್ನು ನಾಳೆ ಕಾಯಬೇಕಾದವರು ಇದೇ ಮಕ್ಕಳು.