ಲಂಡನ್ನಿನ ಷೇರು, ಹಾಸನದ ಕಂದಾಯ

ಇನ್ನೂರು ವರ್ಷಗಳ ಹಿಂದೆ ಅರಕಲಗೂಡಿನ ರೈತ ಕಟ್ಟುತ್ತಿದ್ದ ಕಂದಾಯಕ್ಕೂ ಲಂಡನ್ನಿನ ವರ್ತಕನ ಪೆಟ್ಟಿಗೆಯಲ್ಲಿದ್ದ ಷೇರಿಗೂ ಏನು ಸಂಬಂಧ? ಮೇಲ್ನೋಟಕ್ಕೆ ಏನೂ ಇಲ್ಲ. ಆದರೆ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಹಳೆಯ ಲೆಕ್ಕ ತೆಗೆದರೆ ಇವೆರಡನ್ನೂ ಬಿಗಿದ ಹಗ್ಗವೊಂದು ಕಾಣುತ್ತದೆ. ಅದೇ ಈಸ್ಟ್ ಇಂಡಿಯಾ ಕಂಪನಿ.

1600ರ ಡಿಸೆಂಬರ್ 31ರಂದು ರಾಣಿ ಒಂದನೇ ಎಲಿಜಬೆತ್ ಸನದು ನೀಡಿದಾಗ ಅದು ಇನ್ನೂರಕ್ಕೂ ಹೆಚ್ಚು ಮಂದಿಯ ವ್ಯಾಪಾರದ ಕೂಟವಷ್ಟೇ. ಪೂರ್ವದೇಶಕ್ಕೆ ಹೋದ ಹಡಗು ಮರಳಲು ಎರಡು ಮೂರು ವರ್ಷ ಬೇಕಿತ್ತು. ಒಬ್ಬನೇ ಹಣ ಹೂಡಿ ಹಡಗು ಮುಳುಗಿದರೆ ಅವನ ಮನೆಯೂ ಮುಳುಗಿದಂತೆ. ಹಲವರು ಹಣ ಕೂಡಿಸಿ, ಲಾಭ ನಷ್ಟಗಳನ್ನು ಪಾಲಿಗೆ ತಕ್ಕಂತೆ ಹಂಚಿಕೊಂಡರೆ ಭಯ ಕಡಿಮೆ. ಷೇರು ಕಂಪನಿಯ ಮೂಲ ತತ್ವ ಇಷ್ಟೇ. ಮೊದಮೊದಲು ಒಂದೊಂದು ಯಾನಕ್ಕೂ ಬೇರೆ ಬಂಡವಾಳ. ಯಾನ ಮುಗಿದೊಡನೆ ಲೆಕ್ಕ ಚುಕ್ತಾ. 1657ರ ನಂತರ ಬಂಡವಾಳ ಶಾಶ್ವತವಾಯಿತು.

ಇದೇ ಉಪಾಯದಿಂದ ಇಂಗ್ಲಿಷರು ಅಮೆರಿಕದಲ್ಲೂ ನೆಲೆಯೂರಿದರು. 1606ರಲ್ಲಿ ಸನದು ಪಡೆದ ವರ್ಜೀನಿಯಾ ಕಂಪನಿ ಮರುವರ್ಷವೇ ಜೇಮ್ಸ್‌ಟೌನ್ ಊರು ಕಟ್ಟಿತು. ರೋಗ, ಹಸಿವು, ಸಾಲಗಳಲ್ಲಿ ಸಿಕ್ಕಿದ ಆ ಕಂಪನಿಯ ಸನದನ್ನು 1624ರಲ್ಲಿ ರದ್ದುಪಡಿಸಿ ದೊರೆಯೇ ಆಡಳಿತ ವಹಿಸಿಕೊಂಡ. ಭಾರತಕ್ಕೆ ಬಂದವರು ಊರು ಕಟ್ಟಲು ಬಂದವರಲ್ಲ; ಮೆಣಸು, ಬಟ್ಟೆ ಕೊಳ್ಳಲು ಬಂದವರು. ಕನ್ನಡ ನಾಡಿನ ಕಾರವಾರದಲ್ಲಿ 1638ರಲ್ಲಿ ಕೋಠಿ ತೆರೆದದ್ದು ಈಸ್ಟ್ ಇಂಡಿಯಾ ಕಂಪನಿಗೆ ಪೈಪೋಟಿಯಾಗಿ ಹುಟ್ಟಿದ್ದ ಕೋರ್ಟೀನ್ ಕೂಟ.

ಕೋಠಿಯ ಕಾವಲಿಗೆಂದು ಬಂದ ಸಿಪಾಯಿಗಳು ಕಾಲಕ್ರಮದಲ್ಲಿ ಸೈನ್ಯವಾದರು. 1799ರ ಮೇ 4ರಂದು ಶ್ರೀರಂಗಪಟ್ಟಣದಲ್ಲಿ ಟಿಪ್ಪು ಮಡಿದ ಮೇಲೆ ಹಾಸನದ ಸೀಮೆ ಬಾಲಕ ದೊರೆ ಮುಮ್ಮಡಿ ಕೃಷ್ಣರಾಜ ಒಡೆಯರ ಮೈಸೂರಿನಲ್ಲೇ ಉಳಿಯಿತು. ಆದರೆ ಸಂಸ್ಥಾನದ ರಕ್ಷಣೆಗೆ ಇರುವ ಸೈನ್ಯದ ವೆಚ್ಚವೆಂದು ಕಂಪನಿಗೆ ವರ್ಷಕ್ಕೆ 7 ಲಕ್ಷ ವರಹ ಪೊಗದಿ ಸಲ್ಲಿಸಬೇಕೆಂದು ಒಪ್ಪಂದವಾಯಿತು. ಆಗ ಅಂದಾಜು ಮಾಡಿದ ಸಂಸ್ಥಾನದ ಆದಾಯದಲ್ಲಿ ಇದು ಅರ್ಧಕ್ಕೂ ಹೆಚ್ಚು. ಬೆಳೆ ಕೈಗೆ ಬರುವುದು ಸುಗ್ಗಿಯಲ್ಲಿ. ಪೊಗದಿಯ ಕಂತು ಮಾತ್ರ ತಿಂಗಳು ತಿಂಗಳು. ಹಣ ತಪ್ಪೀತೆಂಬ ಅನುಮಾನ ಬಂದರೂ ಸಾಕು, ಆಡಳಿತವನ್ನೇ ವಹಿಸಿಕೊಳ್ಳುವ ಹಕ್ಕು ಒಪ್ಪಂದದಲ್ಲೇ ಕಂಪನಿಗಿತ್ತು.

ಹೊಸ ವ್ಯವಸ್ಥೆಗೆ ಎಲ್ಲರೂ ತಲೆಬಾಗಲಿಲ್ಲ. ಮಲೆನಾಡಿನ ಅಂಚಿನ ಐಗೂರಿನ ಪಾಳೆಯಗಾರ ತಿರುಗಿಬಿದ್ದ. 1802ರಲ್ಲಿ ಆರ್ಥರ್ ವೆಲ್ಲೆಸ್ಲಿಯ ಸೇನೆ ಅವನನ್ನು ಹಿಡಿದು ಗಲ್ಲಿಗೇರಿಸಿತು. ಅಷ್ಟರಲ್ಲೇ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಈ ಸೀಮೆಯನ್ನು ಸುತ್ತಿದ್ದ. ಬೆಳೆ, ನೀರಾವರಿ, ಮಗ್ಗ, ದನಕರು, ಕಬ್ಬಿಣ ಎಲ್ಲವನ್ನೂ ಬರೆದುಕೊಂಡ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳವೂ ಅವನ ದಾರಿಯಲ್ಲಿತ್ತು. ಇಂದು ಇತಿಹಾಸಕಾರರಿಗೆ ನಿಧಿಯಾಗಿರುವ ಆ ಬರಹ, ಅಂದು ಕಂಪನಿ ಬರೆಸಿದ ದಾಸ್ತಾನು ಪಟ್ಟಿ.

ಪೊಗದಿಯ ಭಾರ ಇಳಿದದ್ದು ಕಟ್ಟಕಡೆಗೆ ರೈತನ ಹೆಗಲಿಗೆ. ಶರತ್ತು ಪದ್ಧತಿಯಲ್ಲಿ ಅಮಲ್ದಾರರು ಇಂತಿಷ್ಟು ಕಂದಾಯ ತಂದೇ ತರುವೆವೆಂದು ಒಪ್ಪಬೇಕಿತ್ತು. ಕಡಿಮೆಯಾದರೆ ಕೈಯಿಂದ ತುಂಬಬೇಕು. ಕೈಯಿಂದ ಕೊಡುವವರು ಯಾರು? ರೈತನನ್ನೇ ಹಿಂಡಿದರು. 1830ರಲ್ಲಿ ನಗರ ಸೀಮೆಯಲ್ಲಿ ದಂಗೆ ಎದ್ದಿತು. ಅರಮನೆಯ ದುಂದುಗಾರಿಕೆಯೇ ಕಾರಣವೆಂದು ದೂರಿದ ಕಂಪನಿ, ತನ್ನ ಪೊಗದಿಯ ಹೊರೆಯ ಮಾತನ್ನು ಎತ್ತಲಿಲ್ಲ. 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಆ ಹಳೆಯ ಷರತ್ತನ್ನು ಮುಂದೆ ಮಾಡಿ ಆಡಳಿತ ಕಿತ್ತುಕೊಂಡ. ಅದು ಒಡೆಯರಿಗೆ ಮರಳಿದ್ದು 1881ರಲ್ಲಿ.

ಇತ್ತ ಷೇರುದಾರರ ಗತಿಯೇನಾಯಿತು? 1833ರ ಕಾಯಿದೆ ಕಂಪನಿಯ ವ್ಯಾಪಾರವನ್ನು ನಿಲ್ಲಿಸಿತು. ಲಾಭಾಂಶ ಮಾತ್ರ ನಿಲ್ಲಲಿಲ್ಲ. 60 ಲಕ್ಷ ಪೌಂಡ್ ಬಂಡವಾಳಕ್ಕೆ ಶೇಕಡ ಹತ್ತೂವರೆಯಂತೆ ವರ್ಷಕ್ಕೆ 6,30,000 ಪೌಂಡನ್ನು ಭಾರತದ ಆದಾಯದಿಂದಲೇ ಕೊಡಬೇಕೆಂದು ಕಾನೂನಾಯಿತು. ವ್ಯಾಪಾರವಿಲ್ಲ, ಹಡಗಿಲ್ಲ, ಮುಳುಗುವ ಭಯವೂ ಇಲ್ಲ. ಲಾಭ ಮಾತ್ರ ಖಾತರಿ! 1858ರಲ್ಲಿ ರಾಣಿಯ ಆಳ್ವಿಕೆ ಬಂದ ಮೇಲೂ ಇದು ನಡೆದು, 1874ರಲ್ಲಿ ಷೇರುಗಳ ಹಣ ತೀರಿಸಿ ಕಂಪನಿಯನ್ನು ಮುಚ್ಚಲಾಯಿತು.

ಷೇರು ಎಂಬುದರಲ್ಲೇ ದೋಷವಿರಲಿಲ್ಲ. ಸಣ್ಣ ಸಣ್ಣ ಹಣ ಕೂಡಿ ದೊಡ್ಡ ಕೆಲಸವಾಗುವುದು ಒಳ್ಳೆಯದೇ. ದೋಷವಿದ್ದದ್ದು ಅಂಗಡಿಗೆ ಅರಸೊತ್ತಿಗೆ ಸಿಕ್ಕಿದ್ದರಲ್ಲಿ. 1773ರ ಕಾಯಿದೆಯಂತೆ ಸಾವಿರ ಪೌಂಡಿನ ಷೇರಿದ್ದವನಿಗೆ ಕಂಪನಿಯ ಸಭೆಯಲ್ಲಿ ಮತವಿತ್ತು. ಕಂದಾಯ ಕಟ್ಟುತ್ತಿದ್ದ ಹೊಳೆನರಸೀಪುರದ ರೈತನಿಗೆ ಷೇರೂ ಇರಲಿಲ್ಲ, ಮತವೂ ಇರಲಿಲ್ಲ. ನಷ್ಟದಲ್ಲಿ ಮಾತ್ರ ಅವನು ಪಾಲುದಾರ.