ಮೇಲಂತಸ್ತಿನ ಕೋಳಿಗೆ ಕೈ ಎಟುಕಬೇಕಲ್ಲ

ಹತ್ತು ಸಾವಿರ ಮೊಟ್ಟೆಕೋಳಿಗಳಿರುವ ಶೆಡ್ಡಿನ ಒಂದು ದಿನದ ಲೆಕ್ಕವನ್ನು ಬರೆದಿಟ್ಟು ನೋಡಿದರೆ ಸಾಕು, ಪಂಜರದ ಸುತ್ತ ಇಷ್ಟೊಂದು ಸಲಕರಣೆ ಯಾಕೆ ಹುಟ್ಟಿಕೊಂಡಿತೆಂಬುದು ತಾನಾಗಿ ತಿಳಿಯುತ್ತದೆ. ಕೋಳಿಯೊಂದಕ್ಕೆ 110 ಗ್ರಾಂ ಎಂದು ಹಿಡಿದರೆ 1,100 ಕೆಜಿ ಆಹಾರ ಒಳಗೆ ಹೋಗಬೇಕು. ಅದರ ಎರಡರಷ್ಟು ನೀರು, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ನೂರಕ್ಕೆ ತೊಂಬತ್ತು ಕೋಳಿ ಮೊಟ್ಟೆಯಿಟ್ಟರೆ 9,000 ಮೊಟ್ಟೆ, ಅಂದರೆ ಮೂವತ್ತರ ಟ್ರೇಗಳಲ್ಲಿ 300 ಟ್ರೇ ಹೊರಗೆ ಬರಬೇಕು. ಜೊತೆಗೆ ಹಸಿ ಹಿಕ್ಕೆ ಹೆಚ್ಚುಕಡಿಮೆ ಒಂದು ಟನ್. ಯುಗಾದಿ ದಿನಕ್ಕೂ ಇದರಲ್ಲಿ ರಿಯಾಯಿತಿ ಇಲ್ಲ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ರೈತನಿಗೆ ಈ ಅವಸರ ಒಗ್ಗಿದ್ದಲ್ಲ. ಆತನ ಮುಖ್ಯ ಬೆಳೆ ಕಾಯುವ ಬೆಳೆ. ತೆಂಗಿನಕಾಯಿ ಅಟ್ಟ ಏರಿದರೆ ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿಯಾಗಲು ವರ್ಷದ ಹತ್ತಿರ ಬೇಕು. ಬೆಲೆ ಬರುವ ತನಕ ಅಲ್ಲೇ ಬಿಟ್ಟರೂ ನಡೆಯುತ್ತದೆ. ಆದರೆ 2023ರಲ್ಲಿ ಕ್ವಿಂಟಲಿಗೆ 11,750 ರೂಪಾಯಿ ಬೆಂಬಲ ಬೆಲೆಯಿದ್ದೂ ಮಾರುಕಟ್ಟೆಯ ಧಾರಣೆ ಅದಕ್ಕಿಂತ ಬಹಳ ಕೆಳಗೆ ಕುಸಿದದ್ದನ್ನು ಈ ಸೀಮೆ ಕಂಡಿದೆ. ಕೊಬ್ಬರಿ ಬಿದ್ದಾಗೆಲ್ಲ ಹಸು, ಕುರಿ, ಕೋಳಿಯ ಮಾತು ಮೇಲೇಳುತ್ತದೆ. ಕೋಳಿಯ ಮಾತು ಎದ್ದ ಮೇಲೆ ನೆಲದ ಮೇಲೆ ಸಾಕುವುದೋ ಪಂಜರದಲ್ಲೋ, ಪಂಜರವಾದರೆ ಎಷ್ಟು ಅಂತಸ್ತು ಎಂಬ ಪ್ರಶ್ನೆಗಳು ಹಿಂದೆಯೇ ಬರುತ್ತವೆ.

ಹಿತ್ತಲಿನ ಕಾಲದಲ್ಲಿ ಈ ಪ್ರಶ್ನೆಗೆ ಜಾಗವೇ ಇರಲಿಲ್ಲ. ಸಂಜೆ ಮಂಕರಿ ಬೋರಲು ಹಾಕಿ ಮೇಲೊಂದು ಕಲ್ಲಿಟ್ಟರೆ ಕೋಳಿಯ ವಸತಿ ಮುಗಿಯಿತು. ಎರಡನೇ ಪಂಚವಾರ್ಷಿಕ ಯೋಜನೆಯ ಹೊತ್ತಿಗೆ ವೈಟ್ ಲೆಗ್‌ಹಾರ್ನ್, ರೋಡ್ ಐಲೆಂಡ್ ರೆಡ್‌ನಂಥ ವಿದೇಶಿ ತಳಿಗಳನ್ನು ಹಳ್ಳಿಗಳಿಗೆ ಹಂಚುವ ಕೆಲಸ ಶುರುವಾಯಿತು. ಬೆಂಗಳೂರಿನ ಹೊರಗಿನ ಹೆಸರಘಟ್ಟ ಕೋಳಿ ತಳಿ ಅಭಿವೃದ್ಧಿಗೂ ತರಬೇತಿಗೂ ದಕ್ಷಿಣ ಭಾರತದ ದೊಡ್ಡ ಕೇಂದ್ರವಾಯಿತು. ಅಲ್ಲಿ ಕಲಿತು ಬಂದವರು ಮೊದಲು ಕಟ್ಟಿದ್ದು ಪಂಜರವನ್ನಲ್ಲ, ಡೀಪ್ ಲಿಟರ್ ಶೆಡ್ಡನ್ನು. ನೆಲದ ಮೇಲೆ ಭತ್ತದ ಹೊಟ್ಟನ್ನೋ ಶೇಂಗಾ ಸಿಪ್ಪೆಯನ್ನೋ ನಾಲ್ಕಾರು ಅಂಗುಲ ಹರಡಿ, ಆಗಾಗ ಕೆದಕಿ ತಿರುವುತ್ತಿದ್ದರೆ ಆಯಿತು. ತೆಂಗಿನ ಸೀಮೆಗೆ ಈ ಹಾಸಿಗೆ ಕೊಂಡು ತರುವ ವಸ್ತುವೇ ಅಲ್ಲ. ನಾರಿನ ಕಾರ್ಖಾನೆಗಳ ಹಿಂದೆ ಗುಡ್ಡೆ ಬೀಳುವ ನಾರಿನ ಪುಡಿ ತನ್ನ ತೂಕದ ಐದಾರು ಪಟ್ಟು ನೀರು ಹೀರುತ್ತದೆ. ಚೆನ್ನಾಗಿ ಒಣಗಿಸಿ ಹಾಸಿದರೆ ಒಳ್ಳೆಯ ಲಿಟರ್, ಹಸಿಯಾಗಿ ಹಾಸಿದರೆ ಬೂಷ್ಟು.

ಡೀಪ್ ಲಿಟರ್‌ನ ತೊಡಕೆಂದರೆ ಕೋಳಿ ತನ್ನ ಹಿಕ್ಕೆಯ ಮೇಲೇ ನಿಂತಿರುವುದು. ರಕ್ತಭೇದಿ ತರುವ ಕಾಕ್ಸಿಡಿಯಾ, ಹೊಟ್ಟೆಹುಳುಗಳು ಅಲ್ಲೇ ಸುತ್ತುತ್ತವೆ. ಮೊಟ್ಟೆ ಮಣ್ಣಾಗುತ್ತದೆ, ಕೆಲವನ್ನು ಕೋಳಿಯೇ ಕುಕ್ಕಿ ತಿನ್ನುತ್ತದೆ. ತಂತಿ ಬಲೆಯ ಪಂಜರ ಇದಕ್ಕೆ ಉತ್ತರವಾಗಿ ಬಂತು. ಹಿಕ್ಕೆ ಕೆಳಕ್ಕೆ ಬೀಳುತ್ತದೆ, ಇಳಿಜಾರು ತಳದ ಮೇಲೆ ಮೊಟ್ಟೆ ಉರುಳಿ ಮುಂದಿನ ತಟ್ಟೆಗೆ ಬರುತ್ತದೆ, ಯಾವ ಕೋಳಿ ಮೊಟ್ಟೆಯಿಡುವುದನ್ನು ನಿಲ್ಲಿಸಿದೆ ಎಂಬುದೂ ಕಣ್ಣಿಗೆ ಬೀಳುತ್ತದೆ. ಅಮೆರಿಕದಲ್ಲಿ 1920ರ ದಶಕದಲ್ಲಿ ಡಿ ಜೀವಸತ್ವದ ಗುಟ್ಟು ತಿಳಿದು, ಬಿಸಿಲು ಕಾಣದ ಕೋಳಿಯನ್ನೂ ಸಾಕಬಹುದೆಂದಾದ ಮೇಲೆ ಪಂಜರದ ಪ್ರಯೋಗಗಳಿಗೆ ವೇಗ ಬಂತು. 1938ರಲ್ಲಿ ಮಿಷಿಗನ್‌ನ ಡೆವಿಟ್ ಸೋದರರು ಬಿಗ್ ಡಚ್‌ಮನ್ ಕಂಪನಿ ಕಟ್ಟಿ, ಸರಪಳಿ ಎಳೆದುಕೊಂಡು ಹೋಗುವ ಸ್ವಯಂಚಾಲಿತ ಫೀಡರನ್ನು ಮಾರುಕಟ್ಟೆಗೆ ತಂದರು. ಕೋಳಿಗೆ ಮೇವು ಹಾಕುವ ಕೈಯನ್ನು ಯಂತ್ರ ಮೊದಲ ಸಲ ಬದಲಿಸಿದ್ದು ಅಲ್ಲಿ.

ಭಾರತಕ್ಕೆ ಪಂಜರ ಗಟ್ಟಿಯಾಗಿ ಕಾಲಿಟ್ಟದ್ದು ವ್ಯಾಪಾರೀ ತಳಿಗಳ ಜೊತೆಗೆ. 1971ರಲ್ಲಿ ವೆಂಕಟೇಶ್ವರ ಹ್ಯಾಚರೀಸ್ ಶುರುವಾಯಿತು. 1982ರಲ್ಲಿ ಅದರ ಸ್ಥಾಪಕ ಬಿ.ವಿ. ರಾವ್ ಮುಂದಾಳತ್ವದಲ್ಲಿ ಮೊಟ್ಟೆ ಬೆಲೆಯನ್ನು ಸಾಕಣೆದಾರರೇ ಘೋಷಿಸುವ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ ಹುಟ್ಟಿತು. ಅದರ ದಿನದ ಬೆಲೆಪಟ್ಟಿಯಲ್ಲಿ ಕರ್ನಾಟಕದಿಂದ ಬೆಂಗಳೂರು, ಮೈಸೂರು, ಹೊಸಪೇಟೆ ಇವೆ; ತುಮಕೂರು ಇಲ್ಲ. ತೆಂಗಿನ ತಾಲ್ಲೂಕುಗಳಲ್ಲಿ ಬೇರೂರಿದ್ದು ಹೆಚ್ಚಾಗಿ ಬ್ರಾಯ್ಲರ್. ಕಂಪನಿ ಮರಿ, ಆಹಾರ, ಔಷಧ ಕೊಡುತ್ತದೆ. ರೈತ ಶೆಡ್ಡು, ಕರೆಂಟು, ದುಡಿಮೆ ಹಾಕುತ್ತಾನೆ. ಬೇಗ ಮೈ ತುಂಬುವ ಬ್ರಾಯ್ಲರ್ ತಂತಿಯ ಮೇಲೆ ನಿಂತರೆ ಎದೆಯಲ್ಲಿ ಗುಳ್ಳೆಯೇಳುತ್ತದೆ, ಕಾಲು ಸೋಲುತ್ತದೆ. ಆದ್ದರಿಂದ ಅದು ನೆಲ ಬಿಟ್ಟು ಏಳಲಿಲ್ಲ. ಪಂಜರದ ಕಥೆ ಮೊಟ್ಟೆಕೋಳಿಯದು.

ನಮ್ಮಲ್ಲಿ ನೆಲೆಯೂರಿದ್ದು ಕ್ಯಾಲಿಫೋರ್ನಿಯಾ ಮಾದರಿ: ಮೆಟ್ಟಿಲಿನಂತೆ ಒಂದರ ಹಿಂದೆ ಒಂದು ಸರಿದು ಏರುವ ಎರಡು ಅಥವಾ ಮೂರು ಅಂತಸ್ತು. ಮೇಲಿನ ಕೋಳಿಯ ಹಿಕ್ಕೆ ಕೆಳಗಿನದರ ತಲೆಯ ಮೇಲೆ ಬೀಳದೆ ನೇರ ನೆಲಕ್ಕೆ ಹೋಗುತ್ತದೆ. ಇಡೀ ಶೆಡ್ಡನ್ನೇ ಆಳೆತ್ತರದ ಕಂಬಗಳ ಮೇಲೆ ಏರಿಸಿ ಕಟ್ಟಿದರೆ ಕೆಳಗೆ ತಿಂಗಳುಗಟ್ಟಲೆ ಗೊಬ್ಬರ ಗುಡ್ಡೆಯಾಗಲು ಬಿಡಬಹುದು. ಅಂತಸ್ತುಗಳನ್ನು ಸರಿಸದೆ ಒಂದರ ಮೇಲೊಂದು ನೆಟ್ಟಗೆ ಪೇರಿಸಿದ ಹಳೆಯ ಬ್ಯಾಟರಿ ಪಂಜರಗಳಲ್ಲಿ ನಡುವೆ ತಟ್ಟೆಯಿಟ್ಟು ದಿನವೂ ಕೆರೆದು ತೆಗೆಯಬೇಕಿತ್ತು. ಆ ಕೆಲಸಕ್ಕೆ ಜನ ಸಿಗುವುದಿಲ್ಲ, ಸಿಕ್ಕವರು ನಿಲ್ಲುವುದಿಲ್ಲ.

ಆದರೆ ಮೆಟ್ಟಿಲು ಮಾದರಿಗೂ ಒಂದು ಮಿತಿ ಇದೆ. ಮೂರನೇ ಅಂತಸ್ತು ಆಳಿನ ತಲೆಯ ಮಟ್ಟಕ್ಕೆ ಬರುತ್ತದೆ, ಅದೂ ಮುಂದಿನ ಸಾಲಿಗಿಂತ ಒಳಕ್ಕೆ ಸರಿದಿರುತ್ತದೆ. ಅಲ್ಲಿಗೆ ಚಾಚಿದ ಕೈಯಲ್ಲಿ ಎರಡು ಕೆಜಿ ಭಾರವೂ ಬೇಗ ಸೋಲಿಸುತ್ತದೆ. ತೋಟದಲ್ಲಿ ಮರ ಹತ್ತುವವರಿಲ್ಲವೆಂದು ಗೋಳಾಡುವ ಊರಿಗೆ ಈ ಕಷ್ಟವನ್ನು ಬಿಡಿಸಿ ಹೇಳಬೇಕಿಲ್ಲ. ತೆಂಗಿಗೂ ಪಂಜರಕ್ಕೂ ಬೆಲೆ ಏರುವುದು ಎತ್ತರದಲ್ಲೇ. ಪಂಜರದ ಸಲಕರಣೆಗಳ ಇತಿಹಾಸವನ್ನು ಈ ಕೈಯ ಅಳತೆಯಿಂದಲೇ ಓದಬಹುದು.

ನಮ್ಮಲ್ಲಿ ಮೊದಲು ಬದಲಾದದ್ದು ನೀರು. ಪಂಜರದ ಉದ್ದಕ್ಕೂ ಹರಿಯುವ ತೆರೆದ ಚಾನೆಲ್‌ನಲ್ಲಿ ಆಹಾರದ ಪುಡಿ, ಪುಕ್ಕ, ಪಾಚಿ ಎಲ್ಲ ಸೇರುತ್ತಿದ್ದವು. ಬ್ರಷ್ ಹಿಡಿದು ತೊಳೆಯುವುದೇ ಒಂದಾಳಿನ ಕೆಲಸ. ಒಂದು ಕೋಳಿಯ ರೋಗ ಸಾಲಿಗೆಲ್ಲ ಹರಿಯಲು ಅದೇ ದಾರಿ. ನಿಪ್ಪಲ್ ಬಂದು ಆ ಕೆಲಸ ತಪ್ಪಿತು. ಕೋಳಿ ಕೊಕ್ಕಿನಿಂದ ತಟ್ಟಿದರೆ ಹನಿ, ಬಿಟ್ಟರೆ ನಿಂತಿತು. ಇದರ ಸೂಕ್ಷ್ಮ ಒತ್ತಡದಲ್ಲಿದೆ. ಮೇಲಿನ ಟ್ಯಾಂಕಿನಿಂದ ಒಂದೇ ಪೈಪಿನಲ್ಲಿ ನೀರು ಬಿಟ್ಟರೆ ಕೆಳಗಿನ ಅಂತಸ್ತಿನಲ್ಲಿ ಒತ್ತಡ ಹೆಚ್ಚಿ ಸೋರುತ್ತದೆ, ಮೇಲಿನದರಲ್ಲಿ ಕಡಿಮೆಯಾಗಿ ಕೋಳಿ ಬಾಯಾರುತ್ತದೆ. ಹಾಗಾಗಿ ಅಂತಸ್ತಿಗೊಂದು ರೆಗ್ಯುಲೇಟರ್, ಇಲ್ಲವೇ ತೇಲುಗುಂಡಿನ ಸಣ್ಣ ಟ್ಯಾಂಕು. ಬಯಲುಸೀಮೆಯ ಗಡಸು ಬೋರ್‌ವೆಲ್ ನೀರು ಇನ್ನೊಂದು ಪರೀಕ್ಷೆ. ಸುಣ್ಣದ ಪರೆ ಕಟ್ಟಿದ ನಿಪ್ಪಲ್ ನೋಡುವುದಕ್ಕೆ ಸರಿಯಾಗಿಯೇ ಇರುತ್ತದೆ, ಹನಿ ಮಾತ್ರ ಬರುವುದಿಲ್ಲ. ಮೇಲಂತಸ್ತಿನಲ್ಲಿ ಅದನ್ನು ಕಂಡುಹಿಡಿಯುವ ಹೊತ್ತಿಗೆ ಆ ಪಂಜರದ ಮೊಟ್ಟೆ ನಿಂತಿರುತ್ತದೆ. ಫಿಲ್ಟರ್, ವಾರಕ್ಕೊಮ್ಮೆ ಪೈಪ್ ಫ್ಲಶ್ ಮಾಡುವುದು, ಸಿಟ್ರಿಕ್ ಆಮ್ಲದಲ್ಲಿ ತೊಳೆಯುವುದು ಇವೆಲ್ಲ ನಿಪ್ಪಲ್ ಜೊತೆಗೇ ಬಂದ ಹೊಸ ಕೆಲಸಗಳು.

ಮೇವಿನ ಕಥೆ ನಿಧಾನ. ಬಕೆಟ್ಟು, ಮೊರದಂಥ ಸ್ಕೂಪು, ನಡೆದಾಡುವ ಆಳು ಇವು ಇಂದಿಗೂ ಸಣ್ಣ ಶೆಡ್ಡುಗಳಲ್ಲಿವೆ. ಮುಂದಿನ ಹೆಜ್ಜೆ ಟ್ರಾಲಿ. ಓಣಿಯಲ್ಲಿ ತಳ್ಳುವ ಗಾಡಿಯಿಂದ ಶುರುವಾಗಿ, ಪಂಜರದ ನೆತ್ತಿಯ ಹಳಿಯ ಮೇಲೆ ಓಡುತ್ತ ಮೂರೂ ಅಂತಸ್ತಿನ ತೊಟ್ಟಿಗೆ ಒಂದೇ ಸಲ ಆಹಾರ ಸುರಿಯುವ ಹಾಪರ್‌ವರೆಗೆ. ಇದರಿಂದ ದುಡಿಮೆ ಉಳಿಯಿತು. ಜೊತೆಗೆ ಮೇಲಿನ ಸಾಲಿಗೂ ಕೆಳಗಿನಷ್ಟೇ ಮೇವು ಬೀಳತೊಡಗಿತು. ಕೈಯಲ್ಲಿ ಹಾಕುವಾಗ ಎಟುಕದ ಸಾಲಿಗೆ ಕೊರತೆಯಾಗುವುದು ಯಾರ ತಪ್ಪೂ ಅಲ್ಲ, ಭುಜದ ತಪ್ಪು.

ಮೊಟ್ಟೆ ಆರಿಸುವುದು ಮಾತ್ರ ಬಹಳ ಕಾಲ ಹೆಂಗಸರ ಕೈಯಲ್ಲೇ ಉಳಿಯಿತು. ಬಿರುಕು ಬಿಡದಂತೆ ಎರಡು ಕೈಯಲ್ಲೂ ಒಟ್ಟಿಗೆ ಎತ್ತಿ ಟ್ರೇಗೆ ಕೂರಿಸುವ ಚುರುಕಿಗೆ ಬೆಲ್ಟ್ ಸಾಟಿಯಾಗಲು ಶೆಡ್ ತುಂಬ ದೊಡ್ಡದಿರಬೇಕು.

ಇಷ್ಟಾದರೂ ಮೂರು ಕೆಲಸಗಳಿಗೆ ಕೈ ಪಂಜರದೊಳಗೆ ಹೋಗಲೇಬೇಕು: ಸತ್ತ ಕೋಳಿ ತೆಗೆಯುವುದು, ಕಾಯಿಲೆಯದನ್ನು ಬೇರೆ ಮಾಡುವುದು, ಚುಚ್ಚುಮದ್ದು ಹಾಕುವುದು. ಕೊಕ್ಕರೆ ರೋಗ ಎಂದು ನಮ್ಮವರು ಕರೆಯುವ ರಾಣಿಖೇತ್ ಕಾಯಿಲೆಗೆ 1920ರ ದಶಕದ ಕೊನೆಯಲ್ಲಿ ಅದನ್ನು ಗುರುತಿಸಿದ ಹಿಮಾಲಯದ ಊರಿನ ಹೆಸರೇ ಅಂಟಿತು. ಹೆಬ್ಬಾಳದಲ್ಲಿ 1925ರಲ್ಲಿ ಮೈಸೂರು ಸೀರಂ ಇನ್‌ಸ್ಟಿಟ್ಯೂಟ್ ಆಗಿ ಹುಟ್ಟಿದ ಸಂಸ್ಥೆ ಮುಂದೆ ಕೋಳಿ ಲಸಿಕೆಗಳನ್ನೂ ತಯಾರಿಸಿತು. ಹತ್ತು ಸಾವಿರ ಕೋಳಿಯನ್ನು ಒಂದೊಂದಾಗಿ ಹಿಡಿದು ಚುಚ್ಚುವುದೆಂದರೆ ಒಬ್ಬ ಹಿಡಿಯಬೇಕು, ಇನ್ನೊಬ್ಬ ಚುಚ್ಚಬೇಕು. ಪ್ರತಿ ಒತ್ತಿಗೆ ಅರ್ಧ ಎಂಎಲ್ ತಾನೇ ತುಂಬಿಕೊಳ್ಳುವ ಸಿರಿಂಜ್ ಅರ್ಧ ಕೆಲಸ ಹಗುರ ಮಾಡಿತು. ಉಳಿದರ್ಧವನ್ನು ನೀರಿನ ಪೈಪೇ ವಹಿಸಿಕೊಂಡಿತು. ರಾಣಿಖೇತ್‌ನ ಲಸೋಟಾ ಲಸಿಕೆಯನ್ನು ಕುಡಿಯುವ ನೀರಿನಲ್ಲಿ ಬೆರೆಸುವುದು, ಕ್ಲೋರಿನ್ ಅದನ್ನು ಕೊಲ್ಲದಿರಲೆಂದು ಕೆನೆ ತೆಗೆದ ಹಾಲಿನ ಪುಡಿ ಹಾಕುವುದು, ಕೋಳಿ ಆತುರದಿಂದ ಕುಡಿಯಲೆಂದು ಮೊದಲು ಒಂದೆರಡು ಗಂಟೆ ನೀರು ನಿಲ್ಲಿಸುವುದು. ಮೇಲಂತಸ್ತಿಗೆ ಏಣಿಯಿಲ್ಲದೆ ಮದ್ದು ತಲುಪಿದ್ದು ಹೀಗೆ. ಆದರೆ ಎಣ್ಣೆಯಲ್ಲಿ ಕಲಸಿದ, ದೀರ್ಘ ರಕ್ಷಣೆ ಕೊಡುವ ಲಸಿಕೆಗೆ ಇಂದಿಗೂ ಸೂಜಿಯೇ ಗತಿ. ಕೊಕ್ಕಿನ ತುದಿ ಸುಡುವ ಡಿಬೀಕರ್ ಯಂತ್ರಕ್ಕೂ ಕೋಳಿಯನ್ನು ಕೈಗೆತ್ತಿಕೊಳ್ಳಬೇಕು.

ಸತ್ತ ಕೋಳಿಯನ್ನು ಹುಡುಕುವ ಸಲಕರಣೆ ಇನ್ನೂ ಟಾರ್ಚು, ಏಣಿ, ಅಭ್ಯಾಸವಾದ ಕಣ್ಣು. ನಾಲ್ಕರಿಂದ ಎಂಟು ಅಂತಸ್ತು ನೆಟ್ಟಗೆ ಏರುವ ಹೊಸ ಮುಚ್ಚಿದ ಶೆಡ್ಡುಗಳಲ್ಲಿ ಹಿಕ್ಕೆಗೊಂದು ಬೆಲ್ಟ್, ಮೊಟ್ಟೆಗೊಂದು ಬೆಲ್ಟ್, ಅದನ್ನು ಕೆಳಗಿಳಿಸುವ ಲಿಫ್ಟ್ ಎಲ್ಲವೂ ಇವೆ. ಆದರೂ ಪಂಜರದ ಹಳಿಯ ಮೇಲೆ ಮನುಷ್ಯನನ್ನು ನಿಲ್ಲಿಸಿಕೊಂಡು ಓಡುವ ತಪಾಸಣಾ ಟ್ರಾಲಿಯೋ, ನಡು ಎತ್ತರದಲ್ಲಿ ಓಡಾಡುವ ಹಲಗೆ ದಾರಿಯೋ ಬೇಕೇ ಬೇಕು. ಈ ದಾರಿಯಿಲ್ಲದೆ ಎಂಟು ಅಂತಸ್ತು ಕಟ್ಟುವುದು ಮೇಲಿನ ಕೋಳಿಗಳನ್ನು ಅದೃಷ್ಟಕ್ಕೆ ಬಿಟ್ಟಂತೆ. ದೊಡ್ಡ ಫ್ಯಾನು, ಕೂಲಿಂಗ್ ಪ್ಯಾಡು ನಂಬಿದ ಈ ಶೆಡ್ಡುಗಳಿಗೆ ಜನರೇಟರ್ ಐಚ್ಛಿಕವಲ್ಲ. ಏಪ್ರಿಲ್ ಮಧ್ಯಾಹ್ನ ಕರೆಂಟು ಹೋಗಿ ಬದಲಿ ವ್ಯವಸ್ಥೆ ಕೈಕೊಟ್ಟರೆ ಕೋಳಿ ಸಾಯಲು ಬಹಳ ಹೊತ್ತು ಬೇಡ.

ಈ ಎತ್ತರದ ಓಟಕ್ಕೆ ಇತ್ತೀಚೆಗೆ ಕಾನೂನೂ ಒಂದು ದೂಡು ಕೊಟ್ಟಿದೆ, ಪ್ರಾಯಶಃ ಬೇಕೆಂದಲ್ಲ. 1964ರಲ್ಲಿ ರೂತ್ ಹ್ಯಾರಿಸನ್ ಬರೆದ ‘ಅನಿಮಲ್ ಮಷೀನ್ಸ್’ ಪುಸ್ತಕ ಬ್ರಿಟನ್ನಿನಲ್ಲಿ ಪಂಜರದ ವಿರುದ್ಧ ದನಿಯೆಬ್ಬಿಸಿತು. ಯುರೋಪಿನ ಒಕ್ಕೂಟ 2012ರಿಂದ ಬರಿಯ ಬ್ಯಾಟರಿ ಪಂಜರವನ್ನು ನಿಷೇಧಿಸಿತು. ಭಾರತದ ಕಾನೂನು ಆಯೋಗ 2017ರ ತನ್ನ 269ನೇ ವರದಿಯಲ್ಲಿ ಈ ವಿಷಯವನ್ನೇ ಕೈಗೆತ್ತಿಕೊಂಡಿತು. 2023ರ ಕೇಂದ್ರ ನಿಯಮಗಳು ಕೋಳಿಯೊಂದಕ್ಕೆ ಕನಿಷ್ಠ 550 ಚದರ ಸೆಂಟಿಮೀಟರ್ ಜಾಗ ಎಂದವು, ಹಳೆಯ ಫಾರಂಗಳಿಗೆ 2030ರವರೆಗೆ ಗಡುವು ಕೊಟ್ಟವು. ನಮ್ಮಲ್ಲಿ ಸಾಮಾನ್ಯವಾದ 15 ಅಂಗುಲ ಅಗಲ, 12 ಅಂಗುಲ ಆಳದ ಪಂಜರದಲ್ಲಿ ಮೂರು ಕೋಳಿಯಿದ್ದರೆ ತಲಾ 387 ಚದರ ಸೆಂಟಿಮೀಟರ್ ಬರುತ್ತದೆ. ಎರಡೇ ಇದ್ದರೆ 580. ಅಂದರೆ ಅದೇ ಕಬ್ಬಿಣ, ಅದೇ ಶೆಡ್ಡು, ಮೂರರಲ್ಲೊಂದು ಭಾಗ ಕೋಳಿ ಕಡಿಮೆ. ಆ ನಷ್ಟ ತುಂಬಿಕೊಳ್ಳಲು ಫಾರಂ ಮಾಲೀಕನ ಕಣ್ಣು ಹೋಗುವುದು ಮೇಲಕ್ಕೇ. ಕೋಳಿಗೆ ಅಡ್ಡಗಲ ಕೊಟ್ಟ ನಿಯಮ ಆಳಿಗೆ ಎತ್ತರ ಕೊಟ್ಟಂತಾಯಿತು.

ತಿಪಟೂರಿನ ಸುತ್ತ ಎಂಟಂತಸ್ತಿನ ಶೆಡ್ಡಿಗೆ ಬಂಡವಾಳ ಹೂಡುವವರು ಕಡಿಮೆ. ಗಿರಿರಾಜ, ಸ್ವರ್ಣಧಾರ ತಳಿಯ ಕೋಳಿಗಳು ತೋಟದ ನೆರಳಲ್ಲೇ ಕೆದಕಿ ತಿನ್ನುತ್ತ ಮನೆಮಂದಿಯ ಲೆಕ್ಕಕ್ಕೆ ಸಾಕಾಗುತ್ತವೆ. ಶೆಡ್ಡು ಕಟ್ಟುವವರಿಗೂ ತೆಂಗು ಒಂದು ಕೈಯಲ್ಲಿ ನೆರಳು ಕೊಟ್ಟು ಇನ್ನೊಂದರಲ್ಲಿ ಶೀಟು ಒಡೆಯುತ್ತದೆ. ಬೀಳುವ ಕಾಯಿಗೆ ಛಾವಣಿಯ ಮರ್ಯಾದೆ ಗೊತ್ತಿಲ್ಲ. ಕೊಬ್ಬರಿ ಹಿಂಡಿ ಆಹಾರಕ್ಕಾಗುತ್ತದೆಂಬ ಆಸೆಗೂ ಮಿತಿಯಿದೆ. ನಾರಿನಂಶ ಹೆಚ್ಚು, ಲೈಸಿನ್ ಕಡಿಮೆ, ಬೂಷ್ಟು ಹಿಡಿದರೆ ಅಫ್ಲಾಟಾಕ್ಸಿನ್ ವಿಷ.

ಪಂಜರದ ಉದ್ಯಮ ಈ ಸೀಮೆಯನ್ನು ನಿಜವಾಗಿ ಮುಟ್ಟುವುದು ಗೊಬ್ಬರದ ಲೋಡಿನಲ್ಲಿ. ಪಂಜರದ ಹಿಕ್ಕೆಯಲ್ಲಿ ನಾಲ್ಕರಲ್ಲಿ ಮೂರು ಪಾಲು ನೀರು, ನೊಣ ಮುತ್ತುವುದೂ ಅದಕ್ಕೇ. ನಾರಿನ ಪುಡಿಗೆ ನೀರು ಹೀರುವ ಹಸಿವಿದೆ, ಸಾರಜನಕ ಇಲ್ಲ. ಎರಡನ್ನೂ ಕೂಡಿಸುವ ವಿಧಾನವನ್ನು ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ರೂಪಿಸಿದೆ: 100 ಕೆಜಿ ನಾರಿನ ಪುಡಿಗೆ 10 ಕೆಜಿ ಕೋಳಿ ಗೊಬ್ಬರ, ಅರ್ಧರ್ಧ ಕೆಜಿ ಸುಣ್ಣ ಮತ್ತು ರಾಕ್ ಫಾಸ್ಫೇಟ್. ತೇವ ಕಾಯ್ದುಕೊಂಡು ಆಗಾಗ ಮಗುಚಿದರೆ ಎರಡು ತಿಂಗಳ ಒಳಹೊರಗೆ ಕಾಂಪೋಸ್ಟ್ ಸಿದ್ಧ. ಹಸಿ ಹಿಕ್ಕೆಯನ್ನೇ ಬುಡಕ್ಕೆ ಸುರಿಯುವವರು ಬೇರು ಸುಟ್ಟುಕೊಳ್ಳುತ್ತಾರೆ. ಒಣಗಿದ ಕೋಳಿ ಗೊಬ್ಬರದಲ್ಲಿ ಸಾರಜನಕ ನೂರಕ್ಕೆ ಮೂರರ ಹತ್ತಿರ, ಪೊಟ್ಯಾಶ್ ಅದರ ಅರ್ಧ. ತೆಂಗು ವರ್ಷಕ್ಕೆ ಮರವೊಂದಕ್ಕೆ 500 ಗ್ರಾಂ ಸಾರಜನಕ ಕೇಳಿದರೆ ಪೊಟ್ಯಾಶ್ 1,200 ಗ್ರಾಂ ಕೇಳುತ್ತದೆ. 25 ಕೆಜಿ ಗೊಬ್ಬರ ಹಾಕಿದ ಮರಕ್ಕೆ ಸಾರಜನಕ ಬೇಕಾದ್ದಕ್ಕಿಂತ ಹೆಚ್ಚಾಯಿತು, ಪೊಟ್ಯಾಶ್ ಮೂರರಲ್ಲೊಂದು ಪಾಲಿನ ಆಸುಪಾಸಿಗೇ ನಿಂತಿತು. ಕೋಳಿ ಗೊಬ್ಬರದ ಲೋಡು ಇಳಿಸಿಕೊಂಡ ತೋಟಕ್ಕೂ ಪೊಟ್ಯಾಶ್ ಚೀಲ ಬೇರೆಯಾಗಿ ಬರಬೇಕು.